‘ಇಲ್ಲ’ ಬೇರೆ, ‘ತಿಳಿಯಲಿಲ್ಲ’ ಬೇರೆ: ಯೂನಿಕ್ಸ್ ಗಣಕದಲ್ಲಿ ಒಂದು ಹೆಸರಿನ ಹುಡುಕಾಟ

ಸಕಲೇಶಪುರದಿಂದ ಹೆತ್ತೂರು, ವನಗೂರುಗಳ ಮೇಲೆ ಸಾಗಿ ಕುಕ್ಕೆ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ದಾರಿಯಲ್ಲಿ ಬಿಸಿಲೆಯ ಕಾಡು ಎದುರಾಗುತ್ತದೆ. ಆ ಪರಿಸರದ ಮಂಕನಹಳ್ಳಿಯ ದಿಣ್ಣೆಯ ಮೇಲೆ ಸುರಿಯುವ ಮಳೆ ಎರಡು ಕಡಲುಗಳಿಗೆ ಹಂಚಿಹೋಗುತ್ತದೆ. ದಿಣ್ಣೆಯ ಪೂರ್ವದ ಮಗ್ಗುಲಿಗೆ ಬಿದ್ದ ನೀರು ಹೇಮಾವತಿಯನ್ನು ಸೇರಿ, ಗೊರೂರಿನ ಜಲಾಶಯವನ್ನು ಹಾದು, ಕಾವೇರಿಯೊಡನೆ ಬಂಗಾಳ ಕೊಲ್ಲಿಯನ್ನು ಮುಟ್ಟಿದರೆ, ಪಶ್ಚಿಮದ ಮಗ್ಗುಲಿಗೆ ಬಿದ್ದದ್ದು ಕುಮಾರಧಾರೆಯಾಗಿ ಹರಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನ ಬಳಿ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಬೀಳುವ ಜಾಗದಲ್ಲಿ ಅಡಿಯಷ್ಟು ವ್ಯತ್ಯಾಸವಿದ್ದರೂ ಸೇರುವ ಜಾಗದಲ್ಲಿ ಒಂದು ಉಪಖಂಡದಷ್ಟು ಅಂತರವಾಗುತ್ತದೆ.

ಗಣಕಯಂತ್ರದೊಳಗೂ ಇಂಥದೊಂದು ದಿಣ್ಣೆ ಇದೆ. ಯೂನಿಕ್ಸ್‌ನಲ್ಲಿ, ಅದರ ಮಾದರಿಯಲ್ಲಿ ಬೆಳೆದ ಲಿನಕ್ಸ್, ಫ್ರೀಬಿಎಸ್‌ಡಿ, ಮ್ಯಾಕ್‌ಒಎಸ್ ಮೊದಲಾದ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ, ‘ಈ ಹೆಸರಿನ ಬಳಕೆದಾರರು ಯಾರಾದರೂ ಇದ್ದಾರೆಯೇ?’ ಎಂದು ಒಂದು ತಂತ್ರಾಂಶ ಕೇಳಿದಾಗ, ಕೆಲವೊಮ್ಮೆ ಬರಿಗೈಯ ಉತ್ತರ ಬರುತ್ತದೆ. ಆ ಬರಿಗೈಗೆ ‘ಅಂಥವರು ಯಾರೂ ಇಲ್ಲ’ ಎಂಬ ಅರ್ಥವೂ ಇರಬಹುದು, ‘ಹುಡುಕಲು ಆಗಲಿಲ್ಲ, ಆದ್ದರಿಂದ ತಿಳಿಯಲಿಲ್ಲ’ ಎಂಬ ಅರ್ಥವೂ ಇರಬಹುದು. ಇವೆರಡನ್ನು ಬೇರ್ಪಡಿಸದೆ ಬರೆದ ತಂತ್ರಾಂಶ, ಇರುವ ಮನುಷ್ಯರನ್ನು ಇಲ್ಲವೆಂದು ಸಾರಿಬಿಡುತ್ತದೆ. ಖಾತೆಗಳ ಹುಡುಕಾಟದಲ್ಲಿ ಕಾಣಿಸಿಕೊಳ್ಳುವ ಅನೇಕ ತೊಡಕುಗಳ ಮೂಲ ಇಲ್ಲಿಯೇ ಇದೆ.

ಹೆಸರು ಮನುಷ್ಯರಿಗೆ, ಸಂಖ್ಯೆ ಯಂತ್ರಕ್ಕೆ

ಕಂದಾಯದ ದಾಖಲೆಗಳನ್ನು ಬಲ್ಲವರಿಗೆ ಯೂನಿಕ್ಸ್‌ನ ಮೂಲ ವ್ಯವಸ್ಥೆ ಸುಲಭವಾಗಿ ಅರ್ಥವಾಗುತ್ತದೆ. ಜಮೀನಿನ ಗುರುತು ಸರ್ವೆ ನಂಬರಿನಲ್ಲಿದೆಯೇ ಹೊರತು ಗಡಿಕಲ್ಲಿನ ಮೇಲೆ ಮಾಲೀಕರ ಹೆಸರು ಇರುವುದಿಲ್ಲ. ಆ ನಂಬರು ಯಾರದು ಎಂದು ತಿಳಿಯಬೇಕಾದರೆ ಪಹಣಿಯನ್ನು ತೆಗೆಯಬೇಕು. 2000ರ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಕರ್ನಾಟಕದ ಪಹಣಿಗಳು ಗಣಕಕ್ಕೆ ಸೇರಿದ ಮೇಲೂ ಈ ತತ್ವ ಬದಲಾಗಲಿಲ್ಲ: ನೆಲಕ್ಕೆ ನಂಬರು, ನಂಬರಿಗೆ ಹೆಸರು, ಹೆಸರು ಇರುವುದು ಬೇರೊಂದು ಪುಸ್ತಕದಲ್ಲಿ.

ಯೂನಿಕ್ಸ್ ಕೂಡ ಹೀಗೆಯೇ ನಡೆಯುತ್ತದೆ. ಡಿಸ್ಕಿನ ಮೇಲಿರುವ ಪ್ರತಿಯೊಂದು ಕಡತದ ಜೊತೆಗೆ ಐನೋಡ್ ಎಂಬ ಪುಟ್ಟ ದಾಖಲೆಯೊಂದು ಇರುತ್ತದೆ. ಕಡತದ ಒಡೆತನ ಯಾರದು ಎಂಬುದು ಅದರಲ್ಲಿ ಹೆಸರಿನಿಂದಲ್ಲ, ಬಳಕೆದಾರ ಸಂಖ್ಯೆಯಿಂದ, ಅಂದರೆ ಯುಐಡಿಯಿಂದ ಬರೆಯಲ್ಪಟ್ಟಿರುತ್ತದೆ. ಯಾವ ಕೆಲಸಕ್ಕೆ ಅನುಮತಿ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂದು ಕರ್ನಲ್, ಅಂದರೆ ವ್ಯವಸ್ಥೆಯ ತಿರುಳು, ತೀರ್ಮಾನಿಸುವುದೂ ಈ ಸಂಖ್ಯೆಯನ್ನು ನೋಡಿಯೇ. ಸಂಖ್ಯೆ 0 ಆಗಿದ್ದರೆ ಅದು ಸರ್ವಾಧಿಕಾರವುಳ್ಳ ‘ರೂಟ್’ ಖಾತೆ. ಹೆಸರಿನ ಗೊಡವೆ ಕರ್ನಲ್‌ಗೆ ಇಲ್ಲ. ಹೆಸರನ್ನು ಸಂಖ್ಯೆಗೂ ಸಂಖ್ಯೆಯನ್ನು ಹೆಸರಿಗೂ ಹೊಂದಿಸುವ ಕೆಲಸ ಕರ್ನಲ್‌ನ ಹೊರಗೆ, ತಂತ್ರಾಂಶಗಳು ಹಂಚಿಕೊಳ್ಳುವ ಸಿ ಲೈಬ್ರರಿಯಲ್ಲಿ ನಡೆಯುತ್ತದೆ.

ಆ ಹೊಂದಾಣಿಕೆಯ ಪುಸ್ತಕ, ಯೂನಿಕ್ಸ್‌ನ ಆರಂಭದ ದಿನಗಳಿಂದಲೂ, ‘ಇಟಿಸಿ’ ಫೋಲ್ಡರಿನಲ್ಲಿರುವ ಪಾಸ್‌ವರ್ಡ್ ಕಡತ. ಅದರಲ್ಲಿ ಒಬ್ಬೊಬ್ಬ ಬಳಕೆದಾರರಿಗೆ ಒಂದೊಂದು ಸಾಲು, ಪ್ರತಿ ಸಾಲಿನಲ್ಲಿ ವಿವರಣ ಚಿಹ್ನೆಯಿಂದ ಬೇರ್ಪಟ್ಟ ಏಳು ಅಂಕಣಗಳು. ಗಣಕದಲ್ಲಿ ರೋಮನ್ ಅಕ್ಷರಗಳಲ್ಲಿರುವ ಅಂಥ ಸಾಲೊಂದನ್ನು ಕನ್ನಡದಲ್ಲಿ ಬರೆದುಕೊಂಡರೆ ಹೀಗೆ ಕಾಣುತ್ತದೆ:

ಹೇಮಾ:ಎಕ್ಸ್:1004:1004:ಹೇಮಾವತಿ, ಲೆಕ್ಕಪತ್ರ ವಿಭಾಗ:/ಹೋಮ್/ಹೇಮಾ:/ಬಿನ್/ಬ್ಯಾಶ್

ಮೊದಲನೆಯದು ಲಾಗಿನ್ ಹೆಸರು. ಎರಡನೆಯದು ಒಂದು ಕಾಲದಲ್ಲಿ ಗೂಢಲಿಪಿಯಲ್ಲಿದ್ದ ಪಾಸ್‌ವರ್ಡ್ ಇರುತ್ತಿದ್ದ ಜಾಗ. ಮೂರನೆಯದು ಬಳಕೆದಾರ ಸಂಖ್ಯೆ, ನಾಲ್ಕನೆಯದು ಗುಂಪಿನ ಸಂಖ್ಯೆ. ಐದನೆಯದು ಪೂರ್ಣ ಹೆಸರು ಮೊದಲಾದ ವಿವರ. ಆರನೆಯದು ಬಳಕೆದಾರರ ಸ್ವಂತ ಫೋಲ್ಡರ್. ಏಳನೆಯದು ಲಾಗಿನ್ ಆದೊಡನೆ ಶುರುವಾಗುವ ಶೆಲ್ ತಂತ್ರಾಂಶ. ಐದನೆಯ ಅಂಕಣವನ್ನು ತಜ್ಞರು ಇಂದಿಗೂ ‘ಜೀಕೋಸ್’ ಎಂದು ಕರೆಯುತ್ತಾರೆ. ಬೆಲ್ ಪ್ರಯೋಗಾಲಯದ ಯೂನಿಕ್ಸ್ ಯಂತ್ರಗಳು ಮುದ್ರಣದಂಥ ಕೆಲಸಗಳನ್ನು ಜೀಕೋಸ್ ವ್ಯವಸ್ಥೆಯ ದೊಡ್ಡ ಯಂತ್ರಗಳಿಗೆ ಕಳುಹಿಸುತ್ತಿದ್ದಾಗ ಬೇಕಾಗುತ್ತಿದ್ದ ಗುರುತನ್ನು ಆ ಅಂಕಣದಲ್ಲಿ ಇಡಲಾಗುತ್ತಿತ್ತು. ಆ ಯಂತ್ರಗಳು ಹೋದರೂ ಅಂಕಣದ ಹೆಸರು ಉಳಿದಿದೆ.

ಎರಡನೆಯ ಅಂಕಣದಲ್ಲಿ ಇಂದು ಬರೀ ‘ಎಕ್ಸ್’ ಎಂಬ ಅಕ್ಷರ ಇರುವುದಕ್ಕೂ ಕಾರಣವಿದೆ. ಹೆಸರನ್ನು ಸಂಖ್ಯೆಗೆ ಹೊಂದಿಸುವ ಅಗತ್ಯ ಪ್ರತಿಯೊಂದು ತಂತ್ರಾಂಶಕ್ಕೂ ಇರುವುದರಿಂದ ಈ ಕಡತವನ್ನು ಎಲ್ಲರೂ ಓದುವಂತಿರಬೇಕು. ಎಲ್ಲರೂ ಓದುವ ಕಡತದಲ್ಲಿ, ಗೂಢಲಿಪಿಯಲ್ಲೇ ಆಗಲಿ, ಪಾಸ್‌ವರ್ಡ್ ಇಡುವುದು ಅಪಾಯಕರ ಎಂಬುದು ಯಂತ್ರಗಳ ವೇಗ ಹೆಚ್ಚಿದಂತೆಲ್ಲ ಸ್ಪಷ್ಟವಾಯಿತು. ಆದ್ದರಿಂದ 1980ರ ದಶಕದಲ್ಲಿ ಪಾಸ್‌ವರ್ಡುಗಳು ರೂಟ್ ಮಾತ್ರ ಓದಬಲ್ಲ ‘ಶ್ಯಾಡೋ’ ಎಂಬ ಪ್ರತ್ಯೇಕ ಕಡತಕ್ಕೆ ಸ್ಥಳಾಂತರಗೊಂಡವು. ಈ ಇತಿಹಾಸವನ್ನು ಅರಿಯದ ನಿರ್ವಾಹಕರು ಸುರಕ್ಷತೆಯ ಹೆಸರಿನಲ್ಲಿ ಮೂಲ ಕಡತಕ್ಕೂ ಬೀಗ ಹಾಕಿದರೆ, ರೂಟ್ ಖಾತೆಯಲ್ಲಿ ಎಲ್ಲವೂ ಸರಿಯಾಗಿ ಕಂಡು, ಉಳಿದವರಿಗೆ ಮಾತ್ರ ಕಡತಗಳ ಒಡೆಯರ ಹೆಸರಿನ ಬದಲು ಬರೀ ಸಂಖ್ಯೆಗಳು ಕಾಣತೊಡಗುತ್ತವೆ. ಇದು ‘ತಿಳಿಯಲಿಲ್ಲ’ ಎಂಬುದರ ಅತ್ಯಂತ ಸರಳ ರೂಪ: ಪುಸ್ತಕ ಇದೆ, ಪುಟವೂ ಇದೆ, ಓದುವ ಅನುಮತಿ ಇಲ್ಲ.

ಒಂದು ಪುಸ್ತಕದಿಂದ ಹಲವು ಪುಸ್ತಕಗಳಿಗೆ

ಒಂದೇ ಯಂತ್ರ ಇರುವವರೆಗೆ ಒಂದೇ ಕಡತ ಸಾಕಾಗಿತ್ತು. ಒಂದು ಸಂಸ್ಥೆಯಲ್ಲಿ ನೂರಾರು ಯಂತ್ರಗಳಾದಾಗ, ಹೊಸದಾಗಿ ಸೇರಿದ ನೌಕರರ ಹೆಸರನ್ನು ಪ್ರತಿಯೊಂದು ಯಂತ್ರದಲ್ಲೂ ಬರೆಯುವುದು, ಬಿಟ್ಟುಹೋದವರ ಹೆಸರನ್ನು ಎಲ್ಲೆಡೆ ಅಳಿಸುವುದು ಆಗದ ಮಾತಾಯಿತು. 1980ರ ದಶಕದ ನಡುವೆ ಸನ್ ಮೈಕ್ರೋಸಿಸ್ಟಮ್ಸ್ ‘ಯೆಲ್ಲೋ ಪೇಜಸ್’ ಎಂಬ ಕೇಂದ್ರೀಕೃತ ವ್ಯವಸ್ಥೆಯನ್ನು ತಂದಿತು. ಆ ಹೆಸರು ಬ್ರಿಟಿಷ್ ಟೆಲಿಕಾಂನ ವ್ಯಾಪಾರಮುದ್ರೆಯಾಗಿದ್ದ ಕಾರಣ ಅದು ‘ಎನ್‌ಐಎಸ್’ ಎಂದು ಮರುನಾಮಕರಣಗೊಂಡರೂ, ಅದರ ಆಜ್ಞೆಗಳ ತಲೆಯಲ್ಲಿ ‘ವೈಪಿ’ ಎಂಬ ಹಳೆಯ ಅಕ್ಷರಗಳು ಹಾಗೆಯೇ ಉಳಿದವು. 1993ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಟಿಮ್ ಹೋವ್ಸ್ ಮತ್ತು ಸಂಗಡಿಗರು ರೂಪಿಸಿದ ‘ಎಲ್‌ಡ್ಯಾಪ್’ ಎಂಬ ಡೈರೆಕ್ಟರಿ ನಿಯಮಾವಳಿ ಪ್ರಕಟವಾಯಿತು. ಯೂನಿಕ್ಸ್ ಖಾತೆಗಳನ್ನು ಅಂಥ ಡೈರೆಕ್ಟರಿಯಲ್ಲಿ ಹೇಗೆ ಬರೆದಿಡಬೇಕು ಎಂಬ ವಿವರಣೆ 1998ರಲ್ಲಿ ಬಂತು.

ಪುಸ್ತಕಗಳು ಹಲವಾದ ಮೇಲೆ, ಯಾವುದನ್ನು ಮೊದಲು ತೆರೆಯಬೇಕು ಎಂಬ ಪ್ರಶ್ನೆ ಎದ್ದಿತು. ಸೋಲಾರಿಸ್‌ನಲ್ಲಿ ಹುಟ್ಟಿ ಲಿನಕ್ಸ್‌ನ ಗ್ಲಿಬ್‌ಸಿ ಲೈಬ್ರರಿಗೂ ಬಂದ ‘ನೇಮ್ ಸರ್ವಿಸ್ ಸ್ವಿಚ್’ ಎಂಬ ವ್ಯವಸ್ಥೆ ಇದಕ್ಕೆ ಉತ್ತರ. ‘ಎನ್‌ಎಸ್‌ಸ್ವಿಚ್’ ಎಂಬ ಕಡತದಲ್ಲಿ ‘ಪಾಸ್‌ವರ್ಡ್: ಫೈಲ್ಸ್ ಎಸ್‌ಎಸ್‌ಎಸ್’ ಎಂಬಂಥ ಒಂದು ಸಾಲು ಇರುತ್ತದೆ, ಮೊದಲು ಈ ಯಂತ್ರದ ಕಡತವನ್ನು ನೋಡು, ಅಲ್ಲಿ ಸಿಗದಿದ್ದರೆ ಎಸ್‌ಎಸ್‌ಎಸ್‌ಡಿ ಎಂಬ ಮಧ್ಯವರ್ತಿ ಸೇವೆಯ ಮೂಲಕ ಕೇಂದ್ರ ಡೈರೆಕ್ಟರಿಯನ್ನು ಕೇಳು ಎಂಬುದು ಇದರ ತಾತ್ಪರ್ಯ. ಸ್ಥಳೀಯ ಕಡತ ಸಾಮಾನ್ಯವಾಗಿ ಮೊದಲಿಗೆ ಬರುವುದು ವಿವೇಕದ ಕ್ರಮ, ಏಕೆಂದರೆ ಯಂತ್ರ ಆಗತಾನೆ ಶುರುವಾಗುತ್ತಿರುವಾಗ ನೆಟ್‌ವರ್ಕ್ ಇನ್ನೂ ಎದ್ದಿರುವುದಿಲ್ಲ, ಆ ಹೊತ್ತಿನಲ್ಲಿ ರೂಟ್ ಯಾರು ಎಂದು ತಿಳಿಯಲು ದೂರದ ಸರ್ವರನ್ನು ಕಾಯಬೇಕಾದರೆ ಯಂತ್ರವೇ ನಿಂತುಹೋಗುತ್ತದೆ.

ಈ ವ್ಯವಸ್ಥೆಯ ನಿಜವಾದ ಸೊಗಸು ಇರುವುದು ಉತ್ತರಗಳ ವರ್ಗೀಕರಣದಲ್ಲಿ. ಕೇಳಿದ ಪ್ರತಿಯೊಂದು ಮೂಲವೂ ನಾಲ್ಕು ಸ್ಥಿತಿಗಳಲ್ಲಿ ಒಂದನ್ನು ಹೇಳಬೇಕು: ‘ಸಿಕ್ಕಿತು’, ‘ನನ್ನಲ್ಲಿ ಇಲ್ಲ’, ‘ನಾನೇ ಲಭ್ಯನಿಲ್ಲ’, ‘ಈಗ ಆಗದು, ಮತ್ತೆ ಕೇಳು’. ಎರಡನೆಯದು ಬಳಕೆದಾರರ ಬಗ್ಗೆ ಹೇಳುವ ಮಾತು. ಕೊನೆಯ ಎರಡು ಮೂಲವು ತನ್ನ ಬಗ್ಗೆಯೇ ಹೇಳಿಕೊಳ್ಳುವ ಮಾತು. ವ್ಯವಸ್ಥೆಯನ್ನು ಕಟ್ಟಿದವರಿಗೆ ‘ಇಲ್ಲ’ ಮತ್ತು ‘ತಿಳಿಯಲಿಲ್ಲ’ಗಳ ಅಂತರ ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ ಈ ನಾಲ್ಕು ಪದಗಳೇ ಸಾಕ್ಷಿ. ಆದರೆ ಅಷ್ಟು ಜತನದಿಂದ ಬೇರ್ಪಡಿಸಿದ ಈ ಮಾತುಗಳು ತಂತ್ರಾಂಶ ಬರೆಯುವವರ ಕೈಗೆ ತಲುಪುವಷ್ಟರಲ್ಲಿ ಮತ್ತೆ ಬೆರೆತುಹೋಗುತ್ತವೆ.

ಆ ಬೆರಕೆಯ ಒಂದು ಬಗೆ ಮೂಲಗಳ ಸಾಲಿನಲ್ಲಿಯೇ ಅಡಗಿದೆ. ಮೂರು ಮೂಲಗಳಿರುವ ಪಟ್ಟಿಯಲ್ಲಿ ನಡುವಿನದಾದ ಕೇಂದ್ರ ಡೈರೆಕ್ಟರಿ ‘ನಾನೇ ಲಭ್ಯನಿಲ್ಲ’ ಎಂದರೆ, ಬೇರೆ ಸೂಚನೆ ಬರೆದಿಲ್ಲದಿದ್ದಲ್ಲಿ ಹುಡುಕಾಟ ಮೂರನೆಯದಕ್ಕೆ ಮುಂದುವರಿಯುತ್ತದೆ. ಆ ಮೂರನೆಯ ಮೂಲ ತನ್ನ ಮಟ್ಟಿಗೆ ಪ್ರಾಮಾಣಿಕವಾಗಿಯೇ ‘ನನ್ನಲ್ಲಿ ಇಲ್ಲ’ ಎನ್ನುತ್ತದೆ. ಗ್ಲಿಬ್‌ಸಿ ಕೊನೆಗೆ ಕೇಳಿದ ಮೂಲದ ಮಾತನ್ನೇ ಒಟ್ಟು ಉತ್ತರವೆಂದು ಎತ್ತಿಕೊಡುವುದರಿಂದ, ನಡುವಿನ ವೈಫಲ್ಯ ಮುಚ್ಚಿಹೋಗಿ ‘ಇಲ್ಲ’ ಎಂಬ ತೀರ್ಪು ಹೊರಬೀಳುತ್ತದೆ. ಲಭ್ಯವಿಲ್ಲದಿದ್ದರೆ ಅಲ್ಲಿಯೇ ನಿಲ್ಲು ಎಂಬ ಸೂಚನೆಯನ್ನು ಎನ್‌ಎಸ್‌ಸ್ವಿಚ್ ಕಡತದಲ್ಲಿ ಚೌಕ ಆವರಣದೊಳಗೆ ಬರೆದು ಇದನ್ನು ತಡೆಯಬಹುದು.

ಬರಿಗೈಯ ಎರಡು ಅರ್ಥ

ಹೆಸರು ಕೊಟ್ಟು ಖಾತೆಯನ್ನು ಹುಡುಕುವ ‘ಗೆಟ್‌ಪಿಡಬ್ಲ್ಯುನ್ಯಾಮ್’, ಸಂಖ್ಯೆ ಕೊಟ್ಟು ಹುಡುಕುವ ‘ಗೆಟ್‌ಪಿಡಬ್ಲ್ಯುಯುಐಡಿ’ ಎಂಬ ಎರಡು ಫಂಕ್ಷನ್‌ಗಳು 1979ರ ಯೂನಿಕ್ಸ್ ಏಳನೆಯ ಆವೃತ್ತಿಯಲ್ಲಿ ಬಂದು, ಮುಂದೆ ಪಾಸಿಕ್ಸ್ ಎಂಬ ಅಂತರರಾಷ್ಟ್ರೀಯ ಮಾನದಂಡಕ್ಕೂ ಸೇರಿದವು. ಖಾತೆ ಸಿಕ್ಕರೆ ಅವು ಅದರ ವಿವರ ಇರುವ ಜಾಗದ ವಿಳಾಸವನ್ನು ಕೊಡುತ್ತವೆ. ಸಿಗದಿದ್ದರೆ ‘ನಲ್’ ಎಂಬ ಶೂನ್ಯ ವಿಳಾಸವನ್ನು ಕೊಡುತ್ತವೆ. ಹುಡುಕುವಾಗ ದೋಷ ಉಂಟಾದರೂ ಅದೇ ‘ನಲ್’ ಅನ್ನೇ ಕೊಡುತ್ತವೆ. ಎರಡನ್ನೂ ಬೇರ್ಪಡಿಸಲು ‘ಎರ್‌ನೋ’ ಎಂಬ, ಕೊನೆಯ ದೋಷದ ಸಂಖ್ಯೆಯನ್ನು ಹಿಡಿದಿಡುವ ಚರವನ್ನು ನೋಡಬೇಕು. ಆದರೆ ಯಶಸ್ವಿಯಾದ ಫಂಕ್ಷನ್‌ಗಳು ಎರ್‌ನೋವನ್ನು ಶೂನ್ಯಕ್ಕೆ ತರಬೇಕೆಂಬ ನಿಯಮವಿಲ್ಲದ ಕಾರಣ, ಹಿಂದೆ ಯಾವಾಗಲೋ ಆದ ಬೇರೊಂದು ದೋಷದ ಸಂಖ್ಯೆ ಅಲ್ಲಿ ಹಾಗೆಯೇ ಕುಳಿತಿರಬಹುದು. ಆದ್ದರಿಂದ ಕರೆಯುವ ಮುನ್ನ ಎರ್‌ನೋವನ್ನು ತಂತ್ರಾಂಶವೇ ಶೂನ್ಯ ಮಾಡಿ, ‘ನಲ್’ ಬಂದಾಗ ಅದು ಶೂನ್ಯವಾಗಿಯೇ ಉಳಿದಿದೆಯೇ ಎಂದು ನೋಡಬೇಕು. ಇದು ಒಂದೇ ಸಾಲಿನ ಕೆಲಸ. ಬಹಳಷ್ಟು ತಂತ್ರಾಂಶಗಳಲ್ಲಿ ಬಿಟ್ಟುಹೋಗುವುದೂ ಅದೇ ಸಾಲು.

ಆ ಸಾಲನ್ನು ಬರೆದರೂ ಕಥೆ ಮುಗಿಯುವುದಿಲ್ಲ. ‘ಸಿಗಲಿಲ್ಲ’ ಎಂದಾಗ ಎಲ್ಲ ವ್ಯವಸ್ಥೆಗಳೂ ಎರ್‌ನೋವನ್ನು ಶೂನ್ಯವಾಗಿ ಬಿಡುವುದಿಲ್ಲ; ‘ಅಂಥ ಕಡತವಿಲ್ಲ’, ‘ಅಂಥ ಪ್ರಕ್ರಿಯೆಯಿಲ್ಲ’, ‘ಅನುಮತಿಯಿಲ್ಲ’ ಎಂಬಂಥ ದೋಷಸಂಖ್ಯೆಗಳನ್ನು ಹಾಕುವ ವ್ಯವಸ್ಥೆಗಳೂ ಇವೆ. ಲಿನಕ್ಸ್‌ನ ಕೈಪಿಡಿ ಪುಟ ಅವುಗಳಲ್ಲಿ ಕೆಲವನ್ನು ಪಟ್ಟಿ ಮಾಡಿ, ಕೊನೆಗೆ ಮೂರು ಚುಕ್ಕಿಗಳನ್ನಿಟ್ಟು ನಿಲ್ಲಿಸುತ್ತದೆ. ಇನ್ನು ಕೆಲವು ಮೂಲಗಳು ತಮ್ಮ ಅಸಹಾಯಕತೆಯನ್ನೂ ‘ಇಲ್ಲ’ ಎಂದೇ ವರದಿ ಮಾಡುವುದುಂಟು. ಆದುದರಿಂದ ಮೆಮೊರಿ ಸಾಲದು, ತೆರೆದ ಕಡತಗಳ ಮಿತಿ ಮುಗಿಯಿತು, ಓದುಬರಹದಲ್ಲಿ ದೋಷವಾಯಿತು, ನಡುವೆ ಅಡ್ಡಿಯಾಯಿತು ಎಂಬ ಸ್ಪಷ್ಟ ದೋಷಗಳನ್ನು ‘ತಿಳಿಯಲಿಲ್ಲ’ದ ಕಡೆಗೆ ಹಾಕಿ, ಉಳಿದದ್ದನ್ನು ಆಯಾ ವ್ಯವಸ್ಥೆಯ ಕೈಪಿಡಿಯನ್ನು ನೋಡಿ ತೀರ್ಮಾನಿಸುವುದೇ ಸರಿಯಾದ ದಾರಿ.

ಈ ಹಳೆಯ ಫಂಕ್ಷನ್‌ಗಳಿಗೆ ಇನ್ನೊಂದು ದೌರ್ಬಲ್ಯವಿದೆ. ಅವು ಕೊಡುವ ವಿಳಾಸ ಲೈಬ್ರರಿಯೊಳಗಿನ ಒಂದೇ ಹಂಚಿಕೆಯ ಜಾಗದ್ದಾಗಿರಬಹುದು; ಎರಡನೆಯ ಸಲ ಕೇಳಿದಾಗ ಮೊದಲಿನ ಉತ್ತರದ ಮೇಲೆಯೇ ಹೊಸದು ಬರೆಯಲ್ಪಡುತ್ತದೆ, ಸ್ಲೇಟಿನ ಮೇಲೆ ಒಂದು ಹೆಸರನ್ನು ಅಳಿಸಿ ಇನ್ನೊಂದನ್ನು ಬರೆದ ಹಾಗೆ. ಕಳುಹಿಸುವವರ ಖಾತೆಯನ್ನೂ ಪಡೆಯುವವರ ಖಾತೆಯನ್ನೂ ಬೆನ್ನುಬೆನ್ನಿಗೆ ಹುಡುಕಿ ಹೋಲಿಸುವ ತಂತ್ರಾಂಶಕ್ಕೆ ಇಬ್ಬರೂ ಒಬ್ಬರೇ ಎಂದು ತೋರುವುದು ಇದರಿಂದಲೇ. ಇದಕ್ಕೆ ಪರಿಹಾರವಾಗಿ ಬಂದ, ಹೆಸರಿನ ಕೊನೆಯಲ್ಲಿ ‘ಆರ್’ ಅಕ್ಷರವುಳ್ಳ ರೂಪಗಳಲ್ಲಿ, ವಿವರ ಬರೆಯಬೇಕಾದ ಜಾಗವನ್ನು ಕೇಳುವ ತಂತ್ರಾಂಶವೇ ಒದಗಿಸಬೇಕು. ಇವು ‘ಇಲ್ಲ’ ಮತ್ತು ‘ದೋಷ’ಗಳನ್ನು ಎರಡು ಬೇರೆ ದಾರಿಗಳಲ್ಲಿ ಹೇಳುತ್ತವೆ: ದೋಷವಿದ್ದರೆ ಅದರ ಸಂಖ್ಯೆಯೇ ಮರಳಿ ಬರುತ್ತದೆ, ದೋಷವಿಲ್ಲದೆ ಖಾತೆಯೂ ಇಲ್ಲದಿದ್ದರೆ ಶೂನ್ಯ ಮರಳಿ, ಫಲಿತಾಂಶದ ಜಾಗದಲ್ಲಿ ‘ನಲ್’ ಇರುತ್ತದೆ. ಕೊಟ್ಟ ಜಾಗ ಚಿಕ್ಕದಾದರೆ ‘ಇ-ರೇಂಜ್’ ಎಂಬ ದೋಷ ಬರುತ್ತದೆ. ಆಗ ಜಾಗವನ್ನು ಇಮ್ಮಡಿಗೊಳಿಸಿ ಮತ್ತೆ ಕೇಳಬೇಕು. ಎಷ್ಟು ಜಾಗ ಬೇಕೆಂದು ವ್ಯವಸ್ಥೆಯನ್ನು ವಿಚಾರಿಸಿದರೆ ಗ್ಲಿಬ್‌ಸಿ 1024 ಬೈಟ್ ಎನ್ನುತ್ತದೆ, ಆದರೆ ಅದು ಆರಂಭದ ಅಂದಾಜು ಮಾತ್ರ, ಗರಿಷ್ಠ ಮಿತಿಯಲ್ಲ. ಅದನ್ನೇ ಮಿತಿಯೆಂದು ನಂಬಿದ ತಂತ್ರಾಂಶ, ಸಣ್ಣ ದಾಖಲೆಗಳೊಂದಿಗೆ ವರ್ಷಗಟ್ಟಲೆ ನಡೆದು, ದೀರ್ಘ ವಿವರವುಳ್ಳ ಒಬ್ಬರ ಖಾತೆ ಬಂದ ದಿನ ಅವರೊಬ್ಬರನ್ನು ಮಾತ್ರ ‘ಇಲ್ಲ’ ಎನ್ನುತ್ತದೆ.

ತಪ್ಪು ತೀರ್ಪಿನ ಬೆಲೆ

ಈ ಅಂತರದ ಮಹತ್ವವನ್ನು ಬಹಳ ಹಿಂದೆಯೇ ಅರಿತವರು ಅಂಚೆ ತಂತ್ರಾಂಶಗಳನ್ನು ಬರೆದವರು. ಇಮೇಲ್ ಸಾಗಾಟದ ನಿಯಮದಲ್ಲಿ 550 ಎಂಬ ಉತ್ತರಕ್ಕೆ ‘ಈ ವಿಳಾಸ ಒಪ್ಪಿಗೆಯಿಲ್ಲ, ಮತ್ತೆ ಪ್ರಯತ್ನಿಸಬೇಡಿ’ ಎಂಬ ಅರ್ಥವಿದ್ದರೆ, 4ರಿಂದ ಶುರುವಾಗುವ 451ರಂಥ ಉತ್ತರಗಳಿಗೆ ‘ಈಗ ಆಗದು, ಆಮೇಲೆ ಬನ್ನಿ’ ಎಂಬ ಅರ್ಥವಿದೆ; ಎರಡನೆಯದನ್ನು ಕೇಳಿದ ಸರ್ವರ್ ಪತ್ರವನ್ನು ಇಟ್ಟುಕೊಂಡು ನಾಲ್ಕೈದು ದಿನಗಳವರೆಗೆ ಪ್ರಯತ್ನ ಮುಂದುವರಿಸುತ್ತದೆ. ಎರಿಕ್ ಆಲ್‌ಮನ್ ಬರೆದ ಸೆಂಡ್‌ಮೇಲ್‌ನ ಪರಂಪರೆಯಿಂದ ಬಂದ ನಿರ್ಗಮನ ಸಂಖ್ಯೆಗಳಲ್ಲಿಯೂ ‘ಅಂಥ ಬಳಕೆದಾರರಿಲ್ಲ’ ಎಂಬುದಕ್ಕೆ 67, ‘ತಾತ್ಕಾಲಿಕ ವೈಫಲ್ಯ’ ಎಂಬುದಕ್ಕೆ 75 ಎಂಬ ಬೇರೆ ಬೇರೆ ಸಂಖ್ಯೆಗಳಿವೆ. ಡೈರೆಕ್ಟರಿ ಸರ್ವರ್ ಹತ್ತು ನಿಮಿಷ ನಿಂತಾಗ 451 ಎನ್ನಬೇಕಾದ ಅಂಚೆ ಸರ್ವರ್ 550 ಎಂದುಬಿಟ್ಟರೆ, ಆ ಹತ್ತು ನಿಮಿಷದಲ್ಲಿ ಬಂದ ಪತ್ರಗಳೆಲ್ಲ ‘ವಿಳಾಸದಾರರಿಲ್ಲ’ ಎಂಬ ಷರಾದೊಂದಿಗೆ ಶಾಶ್ವತವಾಗಿ ಹಿಂದಿರುಗುತ್ತವೆ.

ಇದಕ್ಕಿಂತ ಭೀಕರವಾದ ಸಾಧ್ಯತೆಯೂ ಇದೆ. ‘ಫೈಂಡ್’ ಎಂಬ ಆಜ್ಞೆಗೆ ‘ನೋಯೂಸರ್’ ಎಂಬ ಷರತ್ತು ಕೊಟ್ಟರೆ, ಯಾವ ಖಾತೆಗೂ ಸೇರದ ಸಂಖ್ಯೆಯ ಒಡೆತನದಲ್ಲಿರುವ ಅನಾಥ ಕಡತಗಳನ್ನು ಅದು ಹುಡುಕಿಕೊಡುತ್ತದೆ. ಕೆಲಸ ಬಿಟ್ಟವರ ಕಡತಗಳನ್ನು ತೆರವುಗೊಳಿಸಲು ಇದಕ್ಕೆ ಅಳಿಸುವ ಆಜ್ಞೆಯನ್ನು ಜೋಡಿಸಿ ರಾತ್ರಿ ಹೊತ್ತು ತಾನಾಗಿ ನಡೆಯುವಂತೆ ಇಟ್ಟರೆ, ಡೈರೆಕ್ಟರಿಯ ಸಂಪರ್ಕ ತಪ್ಪಿದ ಒಂದು ರಾತ್ರಿ ಎಲ್ಲರ ಕಡತಗಳೂ ಅನಾಥವಾಗಿ ಕಂಡು, ಬೆಳಗಾಗುವಷ್ಟರಲ್ಲಿ ಇಲ್ಲವಾಗಬಹುದು.

ಹೆಸರು ಅಥವಾ ಸಂಖ್ಯೆ ಸಿಗದಿದ್ದಾಗ ಏನು ಮಾಡಬೇಕು ಎಂಬುದರಲ್ಲಿ ಎಡವಿದ ಪ್ರಸಿದ್ಧ ತಂತ್ರಾಂಶಗಳೂ ಇವೆ. 2017ರಲ್ಲಿ ಲಿನಕ್ಸ್‌ನ ಸೇವೆಗಳನ್ನು ಶುರುಮಾಡುವ ಸಿಸ್ಟಂಡಿಯಲ್ಲಿ, ಸೇವೆಯೊಂದನ್ನು ನಡೆಸಬೇಕಾದ ಬಳಕೆದಾರರ ಹೆಸರು ಅಂಕಿಯಿಂದ ಶುರುವಾಗಿದ್ದರೆ ಆ ಸಾಲನ್ನೇ ಅಮಾನ್ಯವೆಂದು ಬಿಟ್ಟು, ಸೇವೆಯನ್ನು ರೂಟ್ ಅಧಿಕಾರದಲ್ಲಿ ನಡೆಸಲಾಗುತ್ತಿದ್ದುದು ಬೆಳಕಿಗೆ ಬಂತು. 2019ರಲ್ಲಿ ಸುಡೋ ತಂತ್ರಾಂಶದಲ್ಲಿ, ‘ರೂಟ್ ಒಬ್ಬರನ್ನು ಬಿಟ್ಟು ಯಾರ ಪರವಾಗಿ ಬೇಕಾದರೂ ಆಜ್ಞೆ ನಡೆಸಬಹುದು’ ಎಂಬ ಅನುಮತಿ ಇದ್ದವರು -1 ಎಂಬ, ಯಾವ ಖಾತೆಗೂ ಸೇರದ ಸಂಖ್ಯೆಯನ್ನು ಕೊಟ್ಟರೆ ರೂಟ್ ಅಧಿಕಾರವೇ ಸಿಗುತ್ತಿತ್ತು. ಕರ್ನಲ್‌ನ ಭಾಷೆಯಲ್ಲಿ -1 ಎಂದರೆ ‘ಇದ್ದ ಸಂಖ್ಯೆಯನ್ನು ಬದಲಿಸಬೇಡ’ ಎಂದರ್ಥ, ಸುಡೋ ಆಗಲೇ ರೂಟ್ ಆಗಿ ನಡೆಯುತ್ತಿರುವ ಕಾರಣ ರೂಟ್ ಆಗಿಯೇ ಉಳಿಯುತ್ತಿತ್ತು. ಈ ಎರಡೂ ದೋಷಗಳು ಒಂದೇ ಪಾಠವನ್ನು ಹೇಳುತ್ತವೆ: ಯಾರೆಂದು ಗೊತ್ತಾಗದಿದ್ದಾಗ ನಿಲ್ಲಬೇಕೇ ಹೊರತು ಮುಂದುವರಿಯಬಾರದು.

ಮಳೆನಾಡಿನ ತುದಿಯಲ್ಲಿರುವ ಯಂತ್ರ

ಸರ್ವರ್ ಪಕ್ಕದ ಕೋಣೆಯಲ್ಲಿಯೇ ಇರುವ ಕಡೆ ಬರೆದು ಪರೀಕ್ಷಿಸಿದ ತಂತ್ರಾಂಶಕ್ಕೆ ‘ತಿಳಿಯಲಿಲ್ಲ’ ಎಂಬ ಸ್ಥಿತಿ ಅಪರೂಪದ ಅಪಘಾತದಂತೆ ತೋರಬಹುದು. ಬಿಸಿಲೆಯಂಥ ಕಡೆ ಅದು ಮಳೆಗಾಲದ ದಿನಚರಿ. ಗಾಳಿಗೆ ಮರ ಉರುಳಿ ತಂತಿ ಹರಿದರೆ ಕರೆಂಟು ಹೋಗುತ್ತದೆ, ಕರೆಂಟು ಹೋಗಿ ಬ್ಯಾಟರಿ ಇಳಿದರೆ ಟವರ್ ನಿಲ್ಲುತ್ತದೆ, ಟವರ್ ನಿಂತರೆ ನೆಟ್‌ವರ್ಕ್ ಇಲ್ಲ. ಘಟ್ಟದ ಅಂಚಿನ ಶಾಲೆಯಲ್ಲೋ ಸಹಕಾರ ಸಂಘದಲ್ಲೋ ಕಾಫಿ ತೋಟದ ಕಚೇರಿಯಲ್ಲೋ ಒಂದು ಲಿನಕ್ಸ್ ಯಂತ್ರವಿದ್ದು, ಅದರ ಖಾತೆಗಳು ಬೆಂಗಳೂರಿನ ಡೈರೆಕ್ಟರಿಯಲ್ಲಿವೆ ಎಂದು ಇಟ್ಟುಕೊಂಡರೆ, ಆಷಾಢದ ಒಂದು ಬೆಳಿಗ್ಗೆ ಹತ್ತು ವರ್ಷದಿಂದ ಅಲ್ಲಿ ಕೆಲಸ ಮಾಡುತ್ತಿರುವವರಿಗೆ ಪರದೆ ಹೇಳುವ ಮಾತು ‘ನೆಟ್‌ವರ್ಕ್ ಸಿಗುತ್ತಿಲ್ಲ’ ಎಂದಾಗಬೇಕು. ತಂತ್ರಾಂಶ ಅಜಾಗರೂಕತೆಯಿಂದ ಬರೆದದ್ದಾದರೆ ಅದು ‘ಅಂಥ ಬಳಕೆದಾರರಿಲ್ಲ’ ಎನ್ನುತ್ತದೆ. ಮೊದಲನೆಯ ಮಾತು ಕೇಳಿದವರು ಕಾಯುತ್ತಾರೆ; ಎರಡನೆಯದನ್ನು ಕೇಳಿದವರು ತಮ್ಮ ಖಾತೆ ರದ್ದಾಯಿತೆಂದು ಗಾಬರಿಯಾಗಿ ಅರ್ಜಿ ಬರೆಯುತ್ತಾರೆ, ಹೊಸ ಖಾತೆ ಮಾಡಿಸಿಕೊಳ್ಳುತ್ತಾರೆ, ಹೊಸ ಖಾತೆಗೆ ಹೊಸ ಸಂಖ್ಯೆ ಬಂದು ಹಳೆಯ ಕಡತಗಳ ಮೇಲಿನ ಒಡೆತನ ಕೈತಪ್ಪುತ್ತದೆ.

ಇಂಥ ಪರಿಸ್ಥಿತಿಗಾಗಿಯೇ ಎಸ್‌ಎಸ್‌ಎಸ್‌ಡಿ ಉತ್ತರಗಳನ್ನು ಕ್ಯಾಶ್‌ನಲ್ಲಿ, ಅಂದರೆ ತನ್ನ ತಾತ್ಕಾಲಿಕ ಸಂಗ್ರಹದಲ್ಲಿ ಇಟ್ಟುಕೊಂಡು, ಸಂಪರ್ಕವಿಲ್ಲದಾಗಲೂ ಅವನ್ನೇ ಒದಗಿಸುತ್ತದೆ. ಸಾಮಾನ್ಯ ಹೊಂದಿಕೆಯಲ್ಲಿ ಒಂದು ಉತ್ತರ 5400 ಸೆಕೆಂಡು, ಅಂದರೆ ಒಂದೂವರೆ ಗಂಟೆ ತಾಜಾ ಎಂದು ಪರಿಗಣಿತವಾಗುತ್ತದೆ. ಆದರೆ ಕ್ಯಾಶ್ ‘ಇಲ್ಲ’ ಎಂಬ ಉತ್ತರವನ್ನೂ ನೆನಪಿಡುತ್ತದೆ: ಎಸ್‌ಎಸ್‌ಎಸ್‌ಡಿಯಲ್ಲಿ ಸಾಮಾನ್ಯವಾಗಿ 15 ಸೆಕೆಂಡು, ಅದಕ್ಕಿಂತ ಹಳೆಯ ಕ್ಯಾಶ್ ಸೇವೆಯಾದ ಎನ್‌ಎಸ್‌ಸಿಡಿಯಲ್ಲಿ 20 ಸೆಕೆಂಡು. ಖಾತೆ ತೆರೆಯುವ ಮೊದಲೇ ಒಮ್ಮೆ ಲಾಗಿನ್‌ಗೆ ಪ್ರಯತ್ನಿಸಿ, ತೆರೆದ ಮರುಕ್ಷಣ ಮತ್ತೆ ಪ್ರಯತ್ನಿಸಿದವರಿಗೆ ಖಾತೆ ಇದ್ದೂ ‘ಇಲ್ಲ’ ಎಂಬ ಉತ್ತರ ಬರುವುದು ಈ ನೆನಪಿನಿಂದ. ನಿರ್ವಾಹಕರು ಆ ಅವಧಿಯನ್ನು ಗಂಟೆಗಳಿಗೆ ಏರಿಸಿದ್ದರೆ ತೊಂದರೆಯೂ ಅಷ್ಟು ಹೊತ್ತು ಇರುತ್ತದೆ.

ದೋಷವನ್ನು ಹುಡುಕುವ ಕ್ರಮ

ಖಾತೆ ಸಿಗುತ್ತಿಲ್ಲ ಎಂಬ ದೂರು ಬಂದಾಗ ಪಾಸ್‌ವರ್ಡ್ ಕಡತವನ್ನು ತೆರೆದು ಹೆಸರನ್ನು ಕಣ್ಣಿನಿಂದ ಹುಡುಕುವುದು ಸಹಜ ಪ್ರವೃತ್ತಿಯಾದರೂ ಅದರಿಂದ ಒಂದು ಪುಸ್ತಕದ ಸಂಗತಿ ಮಾತ್ರ ತಿಳಿಯುತ್ತದೆ. ಅದಕ್ಕಿಂತ ‘ಗೆಟ್‌ಎಂಟ್’ ಎಂಬ ಆಜ್ಞೆ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ತಂತ್ರಾಂಶಗಳು ಬಳಸುವ ಲೈಬ್ರರಿಯ ದಾರಿಯಲ್ಲೇ ಅದೂ ಹೋಗುತ್ತದೆ. ಅದು ಕೂಡ ಬರಿಗೈಯಲ್ಲಿ ಬಂದರೆ, ‘ಎಸ್’ ಎಂಬ ಆಯ್ಕೆಯೊಂದಿಗೆ ಒಂದೊಂದೇ ಮೂಲವನ್ನು ಹೆಸರಿಸಿ ಬೇರೆ ಬೇರೆಯಾಗಿ ಕೇಳಬೇಕು. ಆಗ ಸರಪಳಿಯ ಯಾವ ಕೊಂಡಿ ಕಳಚಿದೆ ಎಂಬುದು ಬಯಲಾಗುತ್ತದೆ. ಹೆಸರು ಕೊಡದೆ ಪೂರ್ತಿ ಪಟ್ಟಿಯನ್ನೇ ಕೇಳಿ, ಅದರಲ್ಲಿ ಹೆಸರು ಕಾಣಲಿಲ್ಲವೆಂದು ತೀರ್ಮಾನಿಸುವುದು ತಪ್ಪು, ಏಕೆಂದರೆ ದೊಡ್ಡ ಡೈರೆಕ್ಟರಿಗಳ ಮೇಲೆ ಹೊರೆಯಾಗಬಾರದೆಂದು ಎಸ್‌ಎಸ್‌ಎಸ್‌ಡಿ ಪೂರ್ತಿ ಪಟ್ಟಿ ಕೊಡುವುದನ್ನು ಸಾಮಾನ್ಯವಾಗಿ ನಿಲ್ಲಿಸಿಟ್ಟಿರುತ್ತದೆ. ಹೆಸರು ಹಿಡಿದು ಕೇಳಿದರೆ ಮಾತ್ರ ಉತ್ತರಿಸುತ್ತದೆ.

ಇಷ್ಟರಿಂದಲೂ ತಿಳಿಯದಿದ್ದರೆ ‘ಎಸ್‌ಟ್ರೇಸ್’ ಎಂಬ ಸಾಧನದಿಂದ, ತಂತ್ರಾಂಶ ಕರ್ನಲ್‌ನೊಡನೆ ಆಡುವ ಪ್ರತಿಯೊಂದು ಮಾತನ್ನೂ ಆಲಿಸಬಹುದು. ಅದು ಎನ್‌ಎಸ್‌ಸ್ವಿಚ್ ಕಡತವನ್ನು ತೆರೆಯಿತೇ, ಸಂಬಂಧಪಟ್ಟ ಲೈಬ್ರರಿ ಸಿಕ್ಕಿತೇ, ಮಧ್ಯವರ್ತಿ ಸೇವೆಗೆ ಸಂಪರ್ಕವಾಯಿತೇ ಎಂಬುದೆಲ್ಲ ಸಾಲುಸಾಲಾಗಿ ಕಾಣುತ್ತದೆ. ಗೆಟ್‌ಎಂಟ್‌ಗೆ ಸಿಕ್ಕ ಖಾತೆ ಒಂದು ನಿರ್ದಿಷ್ಟ ತಂತ್ರಾಂಶಕ್ಕೆ ಮಾತ್ರ ಸಿಗದಿರುವ ಪ್ರಕರಣಗಳ ಗುಟ್ಟು ಬಹುಮಟ್ಟಿಗೆ ಇಲ್ಲಿಯೇ ಒಡೆಯುತ್ತದೆ. ಗ್ಲಿಬ್‌ಸಿ ಪ್ರತಿ ಮೂಲದ ಲೈಬ್ರರಿಯನ್ನು ಕೆಲಸ ನಡೆಯುವ ಹೊತ್ತಿಗೆ ಎತ್ತಿಕೊಳ್ಳುವುದರಿಂದ, ಎಲ್ಲವನ್ನೂ ತನ್ನೊಳಗೇ ಕಟ್ಟಿಕೊಂಡ ಸ್ಟ್ಯಾಟಿಕ್ ತಂತ್ರಾಂಶಗಳಲ್ಲಿ ಆ ಕೊಂಡಿ ಕಡಿದುಹೋಗಬಹುದು. ಆಲ್ಪೈನ್ ಲಿನಕ್ಸ್ ಬಳಸುವ ಮಸಲ್ ಲೈಬ್ರರಿ ಎನ್‌ಎಸ್‌ಸ್ವಿಚ್ ಕಡತವನ್ನು ನೋಡುವುದೇ ಇಲ್ಲ. ಗೋ ಭಾಷೆಯ ತಂತ್ರಾಂಶವನ್ನು ಸಿ ಲೈಬ್ರರಿಯ ನೆರವಿಲ್ಲದೆ ಕಟ್ಟಿದರೆ ಅದೂ ಸ್ಥಳೀಯ ಪಾಸ್‌ವರ್ಡ್ ಕಡತವನ್ನಷ್ಟೇ ಓದುತ್ತದೆ. ಕಂಟೇನರ್‌ಗಳಲ್ಲಿ ತಮ್ಮ ಪುಸ್ತಕದಲ್ಲಿ ಇಲ್ಲದ ಸಂಖ್ಯೆಯಿಂದ ಕೆಲಸ ನಡೆದಾಗ, ಬ್ಯಾಶ್ ಶೆಲ್ ತನಗೆ ಹೆಸರೇ ಇಲ್ಲವೆಂದು ಪರದೆಯ ಮೇಲೆ ಬರೆದುಕೊಳ್ಳುತ್ತದೆ.

ವ್ಯವಸ್ಥೆಯಿಂದ ವ್ಯವಸ್ಥೆಗೆ ಪುಸ್ತಕವೇ ಬೇರೆಯಾಗಿರಬಹುದು ಎಂಬುದನ್ನೂ ಮರೆಯಬಾರದು. ಫ್ರೀಬಿಎಸ್‌ಡಿಯಲ್ಲಿ ಹುಡುಕಾಟ ನಡೆಯುವುದು ಮೂಲ ಕಡತದಿಂದ ತಯಾರಾದ ಡೇಟಾಬೇಸಿನಲ್ಲಿ. ‘ವಿಐಪಿಡಬ್ಲ್ಯು’ ಎಂಬ ಆಜ್ಞೆಯನ್ನು ಬಳಸದೆ ಪಾಸ್‌ವರ್ಡ್ ಕಡತವನ್ನು ಕೈಯಿಂದ ತಿದ್ದಿದರೆ ತಿದ್ದಿದ್ದು ಯಾರಿಗೂ ಕಾಣುವುದಿಲ್ಲ. ಮ್ಯಾಕ್‌ಒಎಸ್‌ನಲ್ಲಿ ಸಾಮಾನ್ಯ ಬಳಕೆದಾರರ ಖಾತೆಗಳು ಆ ಕಡತದಲ್ಲಿ ಇರುವುದೇ ಇಲ್ಲ, ‘ಡಿಎಸ್‌ಸಿಎಲ್’ ಆಜ್ಞೆಯಿಂದ ಕೇಳಬೇಕು. ಒಂದೇ ಸಂಖ್ಯೆಯನ್ನು ಎರಡು ಹೆಸರುಗಳಿಗೆ ಕೊಟ್ಟಿದ್ದರೆ, ಸಂಖ್ಯೆಯಿಂದ ಹುಡುಕಿದಾಗ ಕಡತದಲ್ಲಿ ಮೊದಲು ಬರೆದವರ ಹೆಸರೇ ಬರುತ್ತದೆ. ಕನ್ನಡದ ಹೆಸರುಗಳಿಗೆ ರೋಮನ್ ಅಕ್ಷರಗಳಲ್ಲಿ ಒಂದೇ ಕಾಗುಣಿತವಿಲ್ಲದ ಕಾರಣ, ಸಕಲೇಶಪುರವನ್ನೇ ನಾಲ್ಕು ಬಗೆಯಲ್ಲಿ ಬರೆಯುವ ನಾಡಿನಲ್ಲಿ, ಸಿಗದ ಹೆಸರಿನ ಅಕ್ಷರಗಳನ್ನು ಒಮ್ಮೆ ಓದಿನೋಡುವುದೂ ಈ ಕ್ರಮದ ಭಾಗವೇ.

ಇವೆಲ್ಲವುಗಳ ಕೊನೆಗೆ ತಂತ್ರಾಂಶ ಬರೆಯುವವರ ಮುಂದೆ ಉಳಿಯುವುದು ಮೂರು ಕವಲುಗಳ ಒಂದು ನಿರ್ಧಾರ. ಸಿಕ್ಕಿದರೆ ಮುಂದುವರಿಯುವುದು, ಇಲ್ಲವೆಂದು ಖಚಿತವಾದರೆ ಹಾಗೆಂದು ಹೇಳುವುದು, ತಿಳಿಯದಿದ್ದರೆ ಏನನ್ನೂ ಅಳಿಸದೆ, ಯಾರನ್ನೂ ನಿರಾಕರಿಸದೆ, ಯಾರಿಗೂ ಅಧಿಕಾರ ಕೊಡದೆ, ಕಾರಣವನ್ನು ದಾಖಲಿಸಿ ಮತ್ತೆ ಕೇಳುವುದು. ಮೂರನೆಯ ಕವಲನ್ನು ಬರೆಯಲು ಹತ್ತು ಸಾಲು ಹೆಚ್ಚು ಬೇಕಾಗುತ್ತದೆ, ಅದು ಕೆಲಸಕ್ಕೆ ಬರುವುದೂ ವರ್ಷದಲ್ಲಿ ಕೆಲವು ದಿನ ಮಾತ್ರ ಎಂದು ತೋರಬಹುದು. ಆ ಕೆಲವು ದಿನಗಳು ತಂತಿಯ ಕೊನೆಯಲ್ಲಿರುವ ಊರುಗಳ ಪಾಲಿಗೆ ಇಡೀ ಮಳೆಗಾಲವಾಗಿರುತ್ತವೆ. ಆ ಹತ್ತು ಸಾಲು ಅಲ್ಲಿ ಕುಳಿತು ಕೆಲಸ ಮಾಡುವವರಿಗೆ ಸಲ್ಲಬೇಕಾದದ್ದು.